ಹೂರಣ ರುಬ್ಬಿದ ಕಾರು

ಇನ್ನು ಮೇಲೆ ಜೀವಮಾನದಲ್ಲಿ ಪೆಟ್ರೋಲ್ ಬಂಕಿನೊಳಗೆ ಕಾಲಿಡುವುದಿಲ್ಲವೆಂದು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಜಯದೇವಪ್ಪನವರು ಸಾರಿದ್ದು ಮಂಡಿಯ ಎದುರಿನ ಹೋಟೆಲಿನಲ್ಲಿ, ಇಡ್ಲಿಯ ತಟ್ಟೆ ಮುಂದಿಟ್ಟುಕೊಂಡು.

"ಟೈರಿಗೆ ಗಾಳಿ ಬೇಕಾದ್ರೆ?" ಎಂದು ಪಕ್ಕದ ಟೇಬಲಿನವರು ಕೇಳಿದರು.

"ಗಾಳಿಗೆ ಬೇರೆ ಅಂಗಡಿ ಐತೆ," ಎಂದರು ಜಯದೇವಪ್ಪನವರು, ಚಟ್ನಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ.

ಅವರ ಎಲೆಕ್ಟ್ರಿಕ್ ಕಾರು ಆಗ ಹೋಟೆಲಿನ ಮುಂದೆಯೇ ನಿಂತಿತ್ತು. ಮಠದಲ್ಲಿ ಪೂಜೆ ಮಾಡಿಸಿದ ವಿಭೂತಿ ಇನ್ನೂ ಅದರ ಹಣೆಯಿಂದ ಅಳಿಸಿರಲಿಲ್ಲ. ಅದರ ಗುಣಗಾನ ಮಾಡುವುದಕ್ಕೆ ಜಯದೇವಪ್ಪನವರಿಗೆ ಹೊತ್ತುಗೊತ್ತಿರಲಿಲ್ಲ. ತಿಪಟೂರಿಗೆ ಹೋಗಿಬರುವ ಕರೆಂಟಿನ ಖರ್ಚಿನಲ್ಲಿ ಇಬ್ಬರಿಗೆ ಮಸಾಲೆ ದೋಸೆ ಬರುವುದಿಲ್ಲ ಎನ್ನುತ್ತಿದ್ದರು. ನಂಬದವರನ್ನು ಕೂರಿಸಿಕೊಂಡು ತಿಪಟೂರಿಗೆ ಹೋಗಿ, ಅಲ್ಲಿ ತಾವೇ ಮಸಾಲೆ ದೋಸೆ ಕೊಡಿಸಿ ಕರೆದುಕೊಂಡು ಬರುತ್ತಿದ್ದರು. ಹೀಗಾಗಿ ಉಳಿತಾಯವೆಲ್ಲ ಹೋಟೆಲಿನವರ ಪಾಲಾಗುತ್ತಿತ್ತು.

ಮನೆಯಲ್ಲಿ ಮಾತ್ರ ಕಾರಿಗೆ ಒಂದು ಎದುರಾಳಿ ಇತ್ತು. ಅದು ಗೀಸರು. ಎರಡನ್ನೂ ಒಟ್ಟಿಗೆ ಹಾಕಿದರೆ ಫ್ಯೂಸ್ ಹಾರಿ ಇಡೀ ಮನೆ ಕತ್ತಲಾಗುತ್ತಿತ್ತು.

"ಕಾರು ಉಣ್ಣೋ ಹೊತ್ನಲ್ಲಿ ಮನುಷ್ಯರು ಸ್ನಾನ ಮಾಡಂಗಿಲ್ಲ ಅನ್ನೋದು ಯಾವ ಊರಿನ ನ್ಯಾಯ?" ಎಂದು ಅವರ ಹೆಂಡತಿ ಗುರುಸಿದ್ದಮ್ಮ ಕೇಳುತ್ತಿದ್ದರು.

"ತಣ್ಣೀರು ಆರೋಗ್ಯಕ್ಕೆ ಒಳ್ಳೇದು ಕಣೇ."

"ಹಂಗಾದ್ರೆ ನೀವು ಮೊದ್ಲು ಮಾಡಿ, ನಾನು ನೋಡ್ತೀನಿ."

ಇಂಥ ದಿನಗಳಲ್ಲಿ ಗೆಂಡೆಹಳ್ಳಿಯಿಂದ ಗುರುಸಿದ್ದಮ್ಮನವರ ತಮ್ಮ ಗಂಗಾಧರಪ್ಪನ ಫೋನು ಬಂತು. ಮಗಳು ಶಿಲ್ಪಾಳ ನಿಶ್ಚಿತಾರ್ಥ ಗೊತ್ತಾಗಿದೆ, ಹುಡುಗ ಹಳೇಬೀಡಿನವನು, ಮನೆಯಲ್ಲೇ ಕಾರ್ಯ, ಇಬ್ಬರೂ ಬರಲೇಬೇಕು ಎಂದ. ಆಮೇಲೆ ದನಿ ತಗ್ಗಿಸಿ, "ಭಾವ, ಆ ಬ್ಯಾಟರಿ ಗಾಡಿ ನಂಬ್ಕೊಂಡು ಹೊರಡಬ್ಯಾಡಿ. ದಾರೀಲಿ ನಿಂತೋದ್ರೆ ತಳ್ಳೋರು ಯಾರು? ನಮ್ಮ ಜೀಪು ಕಳಿಸ್ತೀನಿ," ಎಂದ.

ಗಂಗಾಧರಪ್ಪನ ಜೀಪು ಡೀಸೆಲಿನದು, ಹಳೆಯದು. ಅದು ಊರಿಗೆ ಬರುವ ಸುದ್ದಿ ಊರಿಗೆ ಬಹಳ ಮುಂಚೆಯೇ ಕೇಳಿಸುತ್ತಿತ್ತು. ಅಂಥ ಜೀಪಿನ ಯಜಮಾನ ತಮ್ಮ ಕಾರನ್ನು ಆಟದ ಸಾಮಾನಿನಂತೆ ಕಂಡದ್ದು ಜಯದೇವಪ್ಪನವರ ಮನಸ್ಸಿಗೆ ನಾಟಿತು. "ನಾವು ಬರೋದಲ್ದೆ, ಹಳೇಬೀಡಿನಿಂದ ಬೀಗರ ಮನೆ ಅಜ್ಜೀನೂ ನಾನೇ ಕೂರಿಸ್ಕೊಂಡು ಬತ್ತೀನಿ. ಸಾಯಂಕಾಲ ವಾಪಸ್ ನಾನೇ ಬಿಡ್ತೀನಿ. ನಿನ್ನ ಜೀಪಿಗೆ ಅವತ್ತು ರಜ ಕೊಡು," ಎಂದು ಫೋನಿಟ್ಟರು.

ನಿಶ್ಚಿತಾರ್ಥದ ಹಿಂದಿನ ರಾತ್ರಿ ಕಾರನ್ನು ಚಾರ್ಜಿಗೆ ಹಾಕಿ ಮಲಗಿದರು. ಗುರುಸಿದ್ದಮ್ಮ ತವರಿಗೆ ಹೊರಟ ಹುರುಪಿನಲ್ಲಿ ಎಲ್ಲರಿಗಿಂತ ಮುಂಚೆ ಎದ್ದು ಗೀಸರು ಹಾಕಿದರು. ಫ್ಯೂಸ್ ಹಾರಿತು. ಆದ್ದರಿಂದ ಕಾರು ಹೊರಡುವಾಗ ಅದರ ಹೊಟ್ಟೆ ಮುಕ್ಕಾಲು ಮಾತ್ರ ತುಂಬಿತ್ತು.

"ಸಾಕು ಬಿಡು," ಎಂದರು ಜಯದೇವಪ್ಪನವರು. "ಹೋಗಿ ಬಂದು ಇನ್ನೂ ಮಿಗುತ್ತೆ."

ಲೆಕ್ಕ ತಪ್ಪಾಗಿರಲಿಲ್ಲ. ಹಾರನಹಳ್ಳಿ ದಾಟಿ ಹಳೇಬೀಡು ಮುಟ್ಟುವತನಕ ಕಾರು ಬೆಣ್ಣೆಯ ಮೇಲೆ ಜಾರಿದಂತೆ ಬಂತು. ಹುಡುಗ ಶರತ್ಚಂದ್ರನ ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದರು. ಕೆರೆಯ ಪಕ್ಕ ಸಾಗಿ ಊರು ಹಿಂದೆ ಬಿದ್ದ ಮೇಲೆ ಅಜ್ಜಿ ಮೆಲ್ಲಗೆ ತಿರುಗಿ, "ಗಾಡಿ ಇಸ್ಟಾರ್ಟ್ ಮಾಡೋದು ಯಾವಾಗಪ್ಪಾ?" ಎಂದು ಕೇಳಿತು.

"ಅಜ್ಜೀ, ನಾವು ಹೊರಟು ಎಷ್ಟೋ ದೂರ ಬಂದ್ವಿ."

ಅಜ್ಜಿ ಕಿಟಕಿಯಾಚೆ ಓಡುತ್ತಿದ್ದ ಜೋಳದ ಹೊಲಗಳನ್ನು ನೋಡಿ, "ಅಯ್ಯೋ, ನಾನು ತಲೆ ಸುತ್ತು ಅಂದ್ಕೊಂಡಿದ್ದೆ," ಎಂದಿತು. ಈ ಮಾತನ್ನು ಜಯದೇವಪ್ಪನವರು ಬಿರುದಿನಂತೆ ಎದೆಗೆ ಅಂಟಿಸಿಕೊಂಡರು.

ಬೇಲೂರು ದಾಟಿ ಗೆಂಡೆಹಳ್ಳಿಗೆ ಬಂದು ಗಂಗಾಧರಪ್ಪನ ಅಂಗಳದಲ್ಲಿ ಕಾರು ನಿಲ್ಲಿಸಿದಾಗ ಯಾರೂ ತಿರುಗಿ ನೋಡಲಿಲ್ಲ. ಸದ್ದೇ ಇಲ್ಲದಿದ್ದರೆ ನೋಡುವವರಾದರೂ ಯಾಕೆ ನೋಡುತ್ತಾರೆ? ಅವರು ಹಾರನ್ ಹೊಡೆಯಬೇಕಾಯಿತು. ಆಗ ಗಂಗಾಧರಪ್ಪ ಹೊರಬಂದ. ಆದರೆ ಅವನ ಮುಖದಲ್ಲಿ ಗೇಲಿ ಇರಲಿಲ್ಲ, ಗಾಬರಿ ಇತ್ತು.

"ಕರೆಂಟು ಹೋಯ್ತು ಭಾವ. ಊರಾಚೆ ಲೈನಿನ ಮೇಲೆ ಮರದ ಕೊಂಬೆ ಬಿದ್ದೈತಂತೆ. ಯಾವಾಗ ಬತ್ತದೋ ಗೊತ್ತಿಲ್ಲ. ಶಾಮಿಯಾನದೋನ ಜನರೇಟರು ಬೇಲೂರಿನ ಮದುವೆಗೆ ಹೋಗೈತೆ."

ಅವನ ಹಿಂದೆ ಅಡುಗೆಯ ಮರಿಯಣ್ಣ ಸೌಟು ಹಿಡಿದೇ ಬಂದು ನಿಂತಿದ್ದ. "ಬ್ಯಾಳೆ ಬೆಂದು ಬೆಲ್ಲ ಬೆರೆತು ಕುಂತೈತೆ. ರುಬ್ಬಿದ್ರೆ ಒಬ್ಬಟ್ಟು. ಇಲ್ಲಾಂದ್ರೆ ಎಲೆಗೆ ಬಾಳೆಹಣ್ಣು ಹಾಕ್ತೀನಿ, ಆಮೇಲೆ ನನ್ನ ಕೇಳಬ್ಯಾಡಿ," ಎಂದ.

ಬೀಗರ ಎಲೆಯಲ್ಲಿ ಒಬ್ಬಟ್ಟಿನ ಜಾಗಕ್ಕೆ ಬಾಳೆಹಣ್ಣು! ಗಂಗಾಧರಪ್ಪ ಕಂಬ ಹಿಡಿದುಕೊಂಡ. ಹಿತ್ತಿಲಿನಲ್ಲಿ ಒಂದು ಒರಳುಕಲ್ಲೇನೋ ಇತ್ತು. ಆದರೆ ಅದಕ್ಕೆ ಮಣ್ಣು ತುಂಬಿ ದಾಸವಾಳ ನೆಟ್ಟು ಎಷ್ಟೋ ವರ್ಷವಾಗಿತ್ತು.

ಜಯದೇವಪ್ಪನವರು ಶಲ್ಯವನ್ನು ಹೆಗಲಿನಿಂದ ತೆಗೆದು ಹೆಂಡತಿಯ ಕೈಗೆ ಕೊಟ್ಟರು. "ಗ್ರೈಂಡರ್ ತರಿಸು," ಎಂದರು.

"ಗ್ರೈಂಡರ್ ಐತೆ ಭಾವ, ಕರೆಂಟಿಲ್ಲ."

"ಕರೆಂಟು ನಾನು ತಂದೀನಿ."

ಅವರ ಕಾರಿಗೆ ಕರೆಂಟು ತಿನ್ನುವುದಷ್ಟೇ ಅಲ್ಲ, ಕಕ್ಕುವುದೂ ಬರುತ್ತಿತ್ತು. ಅದಕ್ಕಾಗಿ ಶೋರೂಮಿನವರು ಒಂದು ಗಟ್ಟಿ ಪ್ಲಗ್ಗು ಕೊಟ್ಟಿದ್ದರು. ಅದನ್ನು ಉಪಯೋಗಿಸುವ ಸಂದರ್ಭ ಈ ತನಕ ಬಂದಿರಲಿಲ್ಲ. ಜಯದೇವಪ್ಪನವರು ಅದನ್ನು ಡಿಕ್ಕಿಯಿಂದ ತೆಗೆದು, ಕಾರಿಗೆ ಸಿಕ್ಕಿಸಿ, ಅದರಿಂದ ಉದ್ದನೆಯ ವೈರು ಎಳೆಸಿದರು. "ಮನೆ ಮೇನ್ ಸ್ವಿಚ್ ಆರಿಸ್ಬಿಡಿ. ನಡುವೆ ಲೈನಿಗೆ ಕರೆಂಟು ಬಂದು ನನ್ನ ಕಾರಿಗೆ ಪೆಟ್ಟಾಗೋದು ಬ್ಯಾಡ," ಎಂದು ತಾವೇ ಒಳಗೆ ಹೋಗಿ ಆರಿಸಿ ಬಂದರು. ಗ್ರೈಂಡರಿನ ಗುಂಡಿ ಒತ್ತಿದ್ದು ಮರಿಯಣ್ಣ. ಕಲ್ಲು ಒಮ್ಮೆ ಮೈ ಮುರಿದು ಗರಗರ ತಿರುಗತೊಡಗಿತು.

ಅಂಗಳದಲ್ಲಿದ್ದವರೆಲ್ಲ ಗ್ರೈಂಡರನ್ನೂ ಕಾರನ್ನೂ ಸರದಿಯಂತೆ ನೋಡಿದರು. ಗಂಗಾಧರಪ್ಪ ಬಾಗಿ ವೈರಿನ ಉದ್ದಕ್ಕೂ ನಡೆದು, ಅದು ನಿಜವಾಗಿಯೂ ಕಾರಿನೊಳಕ್ಕೇ ಹೋಗಿದೆಯೆಂದು ಕಣ್ಣಾರೆ ಕಂಡು, ಎದ್ದು ನಿಂತು, "ನಮ್ಮ ಭಾವನ ಕಾರು," ಎಂದ. ಯಾರೂ ಅವನನ್ನು ಕೇಳಿರಲಿಲ್ಲ.

ಜಯದೇವಪ್ಪನವರಿಗೆ ಆ ಕ್ಷಣದಲ್ಲಿ ಕಾರು ತೆಗೆದುಕೊಂಡದ್ದು ಸಾರ್ಥಕವಾಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆ ಹೇಳಬೇಕಾಗಿರಲಿಲ್ಲ.

ಹೂರಣವಾದ ಮೇಲೆ ಚಟ್ನಿಗೆ ಮಿಕ್ಸಿ ಬಂತು. ಅಜ್ಜಿಗೆ ಸೆಕೆ ಎಂದು ಫ್ಯಾನು ಬಂತು. ಅಜ್ಜಿಗೆ ಮಾತ್ರ ಫ್ಯಾನು ಕೊಟ್ಟರೆ ಉಳಿದ ಬೀಗರು ಏನೆಂದುಕೊಂಡಾರು ಎಂದು ಇನ್ನೆರಡು ಬಂದವು. ಟ್ಯಾಂಕಿನ ನೀರು ಮುಗಿದಿದ್ದರಿಂದ ಹಿತ್ತಿಲ ಮೋಟಾರನ್ನೂ ತಗುಲಿಸಿದರು. ಫೋಟೋದವನು ಲೈಟು ತಂದ. ಅಯ್ನೋರಿಗೆ ಮಂತ್ರ ಹೇಳಲು ಮೈಕು ಬೇಕೆನಿಸಿತು. ನೆಂಟರೆಲ್ಲ ಫೋನುಗಳನ್ನು ಹಿಡಿದು ಸಾಲಾಗಿ ನಿಂತರು. ಪಕ್ಕದ ಮನೆಯ ಬಸಮ್ಮ ಬೇಲಿಯಾಚೆಯಿಂದ ಇಣುಕಿ, "ಜಯದೇವಪ್ನೋರೆ, ನಮ್ಮ ಫ್ರಿಜ್ಜಲ್ಲಿ ಹಾಲೈತೆ, ಕೆಟ್ಟೋಗ್ತದೆ," ಎಂದಳು. ಅವಳ ವೈರೂ ಬೇಲಿ ಹಾರಿ ಬಂತು. ಯಾರಿಗೂ ಇಲ್ಲವೆನ್ನುವುದು ಜಯದೇವಪ್ಪನವರಿಂದಾಗಲಿಲ್ಲ. ಇಲ್ಲವೆನ್ನುವ ಮನಸ್ಸೂ ಇರಲಿಲ್ಲ.

ಗುರುಸಿದ್ದಮ್ಮ ಒಮ್ಮೆ ಹತ್ತಿರ ಬಂದು, "ರೀ, ಮನೆಗೆ ಹೋಗಾಕೆ ಒಂದಿಷ್ಟು ಇಟ್ಕೊಳ್ರಿ," ಎಂದು ಪಿಸುಗುಟ್ಟಿದರು.

"ನಿನ್ನ ತವರುಮನೆ ಮರ್ಯಾದೆ ಕಣೇ. ಇಂಥಾ ಹೊತ್ನಲ್ಲಿ ಲೆಕ್ಕ ನೋಡ್ಲಾ?"

"ಅಲ್ಲ, ಅಜ್ಜಿ ಬಿಡಬೇಕಲ್ಲ ಅಂದೆ."

ಉಂಗುರ ತೊಡಿಸುವ ಹೊತ್ತಿಗೆ ಸರಿಯಾಗಿ ಎಲ್ಲವೂ ತಟ್ಟನೆ ನಿಂತುಹೋಯಿತು. ಫ್ಯಾನು ನಿಂತಿತು. ಮೈಕಿಲ್ಲದ ಅಯ್ನೋರ ದನಿ ಅವರ ಎದುರು ಕೂತವರಿಗಷ್ಟೇ ಕೇಳಿಸಿತು. ಕಾರು ತನಗಾಗಿ ಇಟ್ಟುಕೊಳ್ಳಬೇಕಾದ ಪಾಲಿನ ಗಡಿ ಮುಟ್ಟಿ, ಇನ್ನು ಕೊಡಲಾರೆನೆಂದು ಕೈ ಮುಚ್ಚಿತ್ತು. ಎಲ್ಲರ ಕಣ್ಣೂ ಜಯದೇವಪ್ಪನವರ ಕಡೆ ತಿರುಗಿತು. ಶಿಲ್ಪಾಳ ಕೈ ಮುಂದಕ್ಕೆ ಚಾಚಿದ್ದು ಹಾಗೇ ಇತ್ತು. ಶರತ್ಚಂದ್ರ ಉಂಗುರ ಹಿಡಿದು ಫೋಟೋದವನ ಲೈಟಿಗಾಗಿ ಕಾಯುತ್ತಿದ್ದ.

ಜಯದೇವಪ್ಪನವರು ಪಂಚೆ ಎತ್ತಿ ಕಟ್ಟಿ ಕಾರಿನೊಳಗೆ ಕೂತು, ಪರದೆಯ ಮೇಲೆ ಬೆರಳಾಡಿಸಿ ಆ ಗಡಿಯನ್ನು ಇಳಿಯಬಹುದಾದಷ್ಟು ಕೆಳಗೆ ಇಳಿಸಿದರು. 'ಇದರಿಂದ ಪ್ರಯಾಣಕ್ಕೆ ತೊಂದರೆಯಾಗಬಹುದು' ಎಂದು ಕಾರು ಎಚ್ಚರಿಸಿತು. "ಆಗ್ಲಿ," ಎಂದರು. ಕರ್ಣ ಕವಚ ಬಿಚ್ಚಿಕೊಟ್ಟಾಗ ಅವನ ಮುಖ ಹೇಗಿತ್ತೋ ನೋಡಿದವರಿಲ್ಲ. ಇವರ ಮುಖವನ್ನು ಮಾತ್ರ ಫೋಟೋದವನು ಹಿಡಿದ, ಏಕೆಂದರೆ ಆ ಕ್ಷಣದಲ್ಲಿ ಅವನ ಲೈಟು ಹತ್ತಿಕೊಂಡಿತು.

ಉಂಗುರವಾಯಿತು. ಊಟದ ಪಂಕ್ತಿಗಳು ಎದ್ದವು. ಒಬ್ಬಟ್ಟು ಬಾಯಲ್ಲಿಟ್ಟರೆ ಕರಗುವಂತಿತ್ತು. ಬಡಿಸುವವರೂ ಉಣ್ಣುವವರೂ ಕಾರಿನ ಮಾತೇ ಆಡಿದರು. ಜಯದೇವಪ್ಪನವರು ಕೊನೆಯ ಪಂಕ್ತಿಯಲ್ಲಿ ಕೂತು ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ಗುರುಸಿದ್ದಮ್ಮ ಬಂದು ಎಲೆಯ ಎದುರು ನಿಂತರು.

"ರೀ, ಗರ್ ಅಂತ ಸದ್ದು ಕೇಳ್ತಾ ಐತಾ?"

"ಗ್ರೈಂಡರ್ ಇರಬೇಕು."

"ಗ್ರೈಂಡರ್ ತೊಳೆದು ಬೋರಲು ಹಾಕಿ ಆಗ್ಲೇ ಎಷ್ಟೊತ್ತಾಯ್ತು. ಅದು ಹಿಂದಿನ ಬೀದಿ ಹಿಟ್ಟಿನ ಗಿರಣಿ."

"ಗಿರಣಿಗೂ ನಮ್ಮ ಕಾರಿಂದ ವೈರು ಎಳೆದವ್ರಾ?" ಎಂದು ಕೇಳಿದಾಗ ಅವರ ದನಿಯಲ್ಲಿ ಆತಂಕಕ್ಕಿಂತ ಹೆಮ್ಮೆಯೇ ಹೆಚ್ಚಾಗಿತ್ತು.

"ಇಲ್ಲ ರೀ. ಊರಿಗೆಲ್ಲ ಕರೆಂಟು ಬಂದೈತೆ. ಉಂಗುರ ತೊಡ್ಸೋಕ್ಕಿಂತ ಮುಂಚೇನೇ ಬಂತಂತೆ. ನೀವು ಮೇನ್ ಆರಿಸಿದ್ರಲ್ಲ, ನಮಗೆ ಗೊತ್ತಾಗ್ಲಿಲ್ಲ. ಬಸಮ್ಮನ ಫ್ರಿಜ್ಜು ಇನ್ನೂ ನಮ್ಮ ಕಾರಲ್ಲೇ ನಡೀತಾ ಐತೆ."

ತುಪ್ಪ ಎಲೆಯಿಂದ ಆಚೆ ಹರಿಯಿತು. ಜಯದೇವಪ್ಪನವರು ಕೈ ತೊಳೆಯದೇ ಎದ್ದುಹೋಗಿ ಕಾರಿನ ಪರದೆ ನೋಡಿದರು. ಅರಸೀಕೆರೆಯಿರಲಿ, ಬೇಲೂರಿಗೆ ಹೋಗಿ ಚಾರ್ಜು ಮಾಡಿಕೊಳ್ಳೋಣವೆಂದರೆ ಬೇಲೂರು ಮುಟ್ಟುವುದೂ ಅನುಮಾನವೆಂದು ಕಾರು ಕೆಂಪಕ್ಷರದಲ್ಲಿ ಹೇಳುತ್ತಿತ್ತು. ಬೆಳಗಿನಿಂದ ಕೊಟ್ಟದ್ದನ್ನು ಈಗ ಗಂಗಾಧರಪ್ಪನ ಗೋಡೆಯಿಂದ ಹಿಂದಕ್ಕೆ ಪಡೆಯಬೇಕಿತ್ತು. ಆದರೆ ಕಾರು ಕೊಟ್ಟಷ್ಟು ಬೇಗ ಗೋಡೆ ಕೊಡುವಂತಿರಲಿಲ್ಲ. ಆ ಮಂದ ಕರೆಂಟಿನಲ್ಲಿ ಕಾರು ತುಂಬುವುದು ಮರುದಿನಕ್ಕೇ ಸರಿ.

ಅಜ್ಜಿಯನ್ನು ಹಳೇಬೀಡಿಗೆ ಬಿಡಲು ಜೀಪು ಸಿದ್ಧವಾಯಿತು. ಗಂಗಾಧರಪ್ಪ ಏನಾದರೂ ಅನ್ನುತ್ತಾನೆಂದು ಜಯದೇವಪ್ಪನವರು ಕಲ್ಲಾಗಿ ನಿಂತಿದ್ದರು. ಅವನು ಬಂದು ಅವರ ಎರಡು ಕೈಯನ್ನೂ ಹಿಡಿದುಕೊಂಡು, "ಇವತ್ತು ನೀವು ಬರ್ದಿದ್ರೆ ನಾನು ತಲೆ ಎತ್ತೋಹಂಗಿರ್ಲಿಲ್ಲ ಭಾವ," ಎಂದ. ಕಣ್ಣು ಒದ್ದೆಯಾಗಿತ್ತು. ಜಯದೇವಪ್ಪನವರು ಜೀಪಿನ ಬಾಗಿಲನ್ನು ತಾವೇ ತೆರೆದು ಅಜ್ಜಿಯನ್ನು ಹತ್ತಿಸಿದರು. ಜೀಪು ಗುಡುಗಿದ್ದೇ ಅಜ್ಜಿ, "ಹಾ, ಈಗ ಹೊರಟ್ವಿ," ಎಂದು ನೆಮ್ಮದಿಯಾಗಿ ಕಣ್ಣು ಮುಚ್ಚಿತು.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಹೊರಡಲು ಅಂಗಳಕ್ಕೆ ಬಂದಾಗ ಬೇಲಿಯ ಬಳಿ ಒಂದು ಚಿಕ್ಕ ಗುಂಪೇ ನೆರೆದಿತ್ತು. ಎಲ್ಲರಿಗಿಂತ ಮುಂದೆ ತಿಮ್ಮಕ್ಕ, ಊರ ಕೊನೆಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದವಳು, ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಕುಂಕುಮ ಇಟ್ಟುಕೊಂಡು ನಿಂತಿದ್ದಳು. ಜಯದೇವಪ್ಪನವರು ಶಲ್ಯ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದರು. ತಿಮ್ಮಕ್ಕ ಅವರಿಗೆ ನಮಸ್ಕಾರ ಮಾಡಿ, ಅವರನ್ನು ದಾಟಿಕೊಂಡು ಹೋಗಿ, ಕಾರಿನ ಹಣೆಗೆ ಕುಂಕುಮವಿಟ್ಟಳು.

"ಬರೋ ತಿಂಗಳು ನಮ್ಮನೆ ಗೃಹಪ್ರವೇಶ ಐತೆ," ಎಂದಳು. "ಮೀಟರು ಇನ್ನೂ ಕೂರ್ಸಿಲ್ಲ. ನೀವು ವ್ಯಾಪಾರಸ್ಥರು, ಪುರುಸೊತ್ತು ಇರಾಕಿಲ್ಲ. ನೀವು ಬರ್ದಿದ್ರೂ ಬ್ಯಾಸರ ಇಲ್ಲ ಬುದ್ದಿ, ಕಾರು ಮಾತ್ರ ಕಳಿಸ್ಲೇಬೇಕು. ತರೋ ಡ್ರೈವರ್‌ಗೂ ಊಟ ಮಡಗಿರ್ತೀವಿ."

ಜಯದೇವಪ್ಪನವರು ಬಾಯಿ ತೆರೆದರು. ಅಷ್ಟರಲ್ಲಿ ಗುರುಸಿದ್ದಮ್ಮ ಮುಂದೆ ಬಂದು ತಟ್ಟೆಯಿಂದ ವೀಳ್ಯ ತೆಗೆದುಕೊಂಡು ಸೆರಗಿಗೆ ಕಟ್ಟಿಕೊಂಡರು.

"ಕಾರು ಬತ್ತದೆ ತಿಮ್ಮಕ್ಕ," ಎಂದರು. "ಡ್ರೈವರ್ ಇವ್ರೇ. ಒಬ್ಬಟ್ಟು ಎರಡು ಜಾಸ್ತಿ ಹಾಕು, ತುಪ್ಪ ಕಮ್ಮಿ."