ಮೂರು ದಿನ ಕಾಯುವವರಿಗೆ ಮೂವತ್ತು ಸೆಕೆಂಡಿನ ಗಡಿಯಾರ

'ಉಕ್ಕಿನ ದೈತ್ಯರು' ಎಂಬ ಮೊಬೈಲ್ ಆಟವನ್ನು ತಯಾರಿಸಿದ ಕಂಪನಿಯ, ಆಟಗಾರರ ಅಭಿಪ್ರಾಯ ವಿಭಾಗದ ಮುಖ್ಯಸ್ಥರಿಗೆ (ಊರು ಯಾವುದೆಂದು ಫೋನಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ).

ವಿಷಯ: ಕಾಯುವ ಕಷ್ಟದಿಂದ ನಮ್ಮನ್ನು ಬಿಡುಗಡೆ ಮಾಡಿದ್ದರ ಬಗ್ಗೆ.

ಮಾನ್ಯರೇ,

ಅಜ್ಜಂಪುರ ತಾಲ್ಲೂಕು ಹಿರೇಕಟ್ಟೆ ಗ್ರಾಮದ ನೀರುಗಂಟಿ ತೀರ್ಥಪ್ಪನಾದ ನಾನು, ಒಂದು ಕೈಯಲ್ಲಿ ವಾಲ್ವಿನ ಕೀಲಿಯನ್ನೂ ಇನ್ನೊಂದು ಕೈಯಲ್ಲಿ ತಮ್ಮ ಆಟವಿರುವ ಫೋನನ್ನೂ ಹಿಡಿದಿರುವುದರಿಂದ ಕೈ ಜೋಡಿಸಲಾಗದೆ, ತಲೆಯನ್ನಷ್ಟೇ ಬಾಗಿಸಿ ಮಾಡುವ ನಮಸ್ಕಾರಗಳು. ತಮ್ಮ ಕಂಪನಿಯಲ್ಲಿ ಎಲ್ಲರೂ ಕ್ಷೇಮವಾಗಿದ್ದೀರೆಂದೂ, ಯಾರೂ ಯಾವುದಕ್ಕೂ ಮೂವತ್ತು ಸೆಕೆಂಡಿಗಿಂತ ಹೆಚ್ಚು ಕಾಯುತ್ತಿಲ್ಲವೆಂದೂ ನಂಬಿದ್ದೇನೆ.

ನೀರುಗಂಟಿ ಎಂದರೆ ಯಾರೆಂದು ತಮಗೆ ತಿಳಿಯದಿದ್ದರೆ ಅದು ತಮ್ಮ ಪುಣ್ಯ. ನಮ್ಮೂರಿಗೆ ಒಂದೇ ಬೋರ್‌ವೆಲ್, ಒಂದೇ ಟ್ಯಾಂಕ್. ಟ್ಯಾಂಕಿನ ನೀರು ಒಂದು ದಿನ ಮೇಲಿನ ಬೀದಿಯ ನಲ್ಲಿಗಳಿಗೆ, ಮರುದಿನ ಕೆಳಗಿನ ಬೀದಿಯ ನಲ್ಲಿಗಳಿಗೆ, ಮೂರನೆಯ ದಿನ ಯಾರಿಗೂ ಇಲ್ಲ, ಅವತ್ತು ಟ್ಯಾಂಕ್ ತುಂಬಬೇಕು. ಎರಡೂ ಬೀದಿ ಸೇರುವ ಕಡೆ ಒಂದು ಗುಂಡಿ, ಗುಂಡಿಯೊಳಗೆ ವಾಲ್ವು, ಮೇಲೊಂದು ಕಲ್ಲಿನ ಚಪ್ಪಡಿ, ಚಪ್ಪಡಿಯ ನಡುವೆ ಕೀಲಿ ಇಳಿಸುವುದಕ್ಕೆ ಒಂದು ತೂತು. ಆ ಉದ್ದನೆಯ ಕೀಲಿ ಇರುವುದು ನನ್ನೊಬ್ಬನ ಹತ್ತಿರ, ಮತ್ತು ಅದನ್ನು ಸರದಿ ತಪ್ಪದಂತೆ ತಿರುಗಿಸುವುದೇ ಇಪ್ಪತ್ತೆರಡು ವರ್ಷಗಳಿಂದ ನನ್ನ ಕೆಲಸ.

ಈ ಇಪ್ಪತ್ತೆರಡು ವರ್ಷಗಳಲ್ಲಿ ತನ್ನ ಸರದಿಗೆ ಸುಮ್ಮನೆ ಕಾದ ಒಬ್ಬ ಮನುಷ್ಯನನ್ನು ನಾನು ನೋಡಿರಲಿಲ್ಲ. ನಾನು ಅತ್ತ ತಿರುಗಿದರೆ ಸಾಕು, ಇತ್ತ ನಾಲ್ಕು ಜನ ಸೇರಿ ಚಪ್ಪಡಿ ಎತ್ತಿ, ಸ್ಪ್ಯಾನರ್ ಹಾಕಿ, ನೀರನ್ನು ತಮ್ಮ ಬೀದಿಗೆ ತಿರುಗಿಸಿಕೊಳ್ಳುತ್ತಿದ್ದರು. ಇನ್ನೊಂದು ಬೀದಿಯವರು ಖಾಲಿ ಕೊಡ ಹಿಡಿದು ನನ್ನ ಮನೆ ಬಾಗಿಲಿಗೆ ಬಂದು ನನ್ನ ಮೂರು ತಲೆಮಾರನ್ನು ವಿಚಾರಿಸಿಕೊಳ್ಳುತ್ತಿದ್ದರು. ಈ ವಿಷಯದಲ್ಲಿ ಕೆಳಗಿನ ಬೀದಿಯ ಅಂಬಮ್ಮನವರಿಗೆ ಸರಿಸಾಟಿಯಿಲ್ಲ. ಅವರಿಗೆ ವಯಸ್ಸು ಎಪ್ಪತ್ತರ ಹತ್ತಿರ, ಕಂಠ ಮಾತ್ರ ಇಪ್ಪತ್ತರದ್ದು. ಅವರ ಬೈಗುಳ ಕೇಳಿಸಿಕೊಂಡ ದಿನ ನನಗೆ ಊಟ ಸೇರುತ್ತಿರಲಿಲ್ಲ ಎಂಬುದನ್ನು ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಹೀಗಿರುವಾಗ ತರೀಕೆರೆ ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಒಂದು ಹಳೆಯ ಫೋನು ಕೊಂಡೆ. ಅಂಗಡಿಯವನು "ಇದ್ರಾಗೆ ಯಾವ್ದೋ ಯುದ್ಧದ ಆಟ ಐತೆ, ಅಳಿಸ್ಲಾ?" ಎಂದ. ಬಂದದ್ದು ಇರಲಿ ಎಂದು ಹಾಗೆಯೇ ತಂದೆ. ಟ್ಯಾಂಕ್ ತುಂಬುವ ದಿನ ಚಪ್ಪಡಿಯ ಮೇಲೆ ಕೂತು ತೆರೆದರೆ, ಮಾನ್ಯರೇ, ತಮ್ಮ ಆಟ! ನಾಲ್ಕು ಅಂತಸ್ತಿನ ಎತ್ತರದ ಯಂತ್ರ, ಎರಡು ಕಾಲು, ಎರಡೂ ಭುಜದಲ್ಲಿ ಫಿರಂಗಿ. ಅದು ನನ್ನ ಬಡಪಾಯಿ ಯಂತ್ರದ ಎದುರಿಗೇ ನಿಂತಿದೆ, ಒಂದೇ ಏಟಿಗೆ ನಾನು ನಿರ್ನಾಮ. ಆದರೂ ಹೊಡೆಯುತ್ತಿಲ್ಲ. ನಾನು ಕನ್ನಡಕ ಒರೆಸಿಕೊಂಡೆ, ಎಲೆಗೆ ಸುಣ್ಣ ಹಚ್ಚಿದೆ, ಎಮ್ಮೆ ಅಟ್ಟಿ ಬಂದೆ, ಆಗಲೂ ಹೊಡೆಯಲಿಲ್ಲ. ನಾನು 'ಸರದಿ ಮುಗಿಯಿತು' ಎಂಬ ಗುಂಡಿ ಒತ್ತಿದ ಮೇಲಷ್ಟೇ ಅದು ಹೆಜ್ಜೆ ಎತ್ತಿತು. ಅಂಥ ಸಜ್ಜನ ಶತ್ರುವನ್ನು ಪಡೆಯಲು ಯಾವ ಜನ್ಮದಲ್ಲಿ ಏನು ಮಾಡಿದ್ದೆನೋ ಎಂದು ಕಣ್ಣು ತುಂಬಿ ಬಂತು.

ಅದೇ ಹೊತ್ತಿಗೆ ಅಂಬಮ್ಮನವರು ಬೈಯುವುದಕ್ಕೆ ಬಂದರು. ಬಾಯಿ ತೆರೆಯುವ ಮೊದಲು ಫೋನಿನೊಳಕ್ಕೆ ಬಗ್ಗಿ ನೋಡಿ, "ಯಾಕ್ಲಾ ಇವ್ನು ಸುಮ್ಕೆ ನಿಂತವ್ನೆ?" ಎಂದು ಕೇಳಿದರು. "ನನ್ ಸರದಿ ಮುಗೀಲಿ ಅಂತ ಕಾಯ್ತಾವ್ನೆ ಕಣಕ್ಕ" ಎಂದೆ. "ಅಷ್ಟ್ ದೊಡ್ಡೋನು?" ಎಂದವರು, ಕೊಡ ಕೆಳಗಿಟ್ಟು ನನ್ನ ಪಕ್ಕದಲ್ಲೇ ಕೂತರು. ಆ ದಿನ ನಾನು ಬೈಗುಳವಿಲ್ಲದೆ ಮನೆಗೆ ಹೋದೆ, ಹೊಟ್ಟೆ ತುಂಬ ಉಂಡೆ.

ಮುಂದಿನದೆಲ್ಲ ಬೇಗ ಬೇಗ ಆಯಿತು. ಒಂದೇ ಫೋನಿನಲ್ಲಿ ಇಬ್ಬರು ಎದುರಾಳಿಗಳು ಆಡಬಹುದು ಎಂಬುದನ್ನು ಕಂಡುಹಿಡಿದವರು ಮೇಲಿನ ಬೀದಿಯ ಪ್ರತಿಮಾ. ಡೇರಿಯಲ್ಲಿ ಹಾಲಿನ ಡಿಗ್ರಿ ನೋಡುವವರಾದ್ದರಿಂದ ಅವರಿಗೆ ಎಲ್ಲದರಲ್ಲೂ ಅಳತೆ ಬೇಕು. ಯಂತ್ರ ಎಷ್ಟು ಮನೆ ನಡೆಯುತ್ತದೆ, ಎಷ್ಟು ಸಲ ಹೊಡೆದರೆ ಬಿಸಿಯಾಗಿ ಕೆಡುತ್ತದೆ ಎಂದು ಡೇರಿ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಂಡರು. ಅಂಬಮ್ಮನವರಿಗೆ ಅಳತೆಯೆಲ್ಲ ಬೇಡ. ತಮ್ಮ ಯಂತ್ರಕ್ಕೆ ಕೆಂಪಣ್ಣ ಎಂದು ಹೆಸರಿಟ್ಟು, "ನುಗ್ಗಲಾ ಕೆಂಪಣ್ಣ" ಎನ್ನುವುದಷ್ಟೇ ಅವರ ಯುದ್ಧತಂತ್ರ. ಯಾವ ಬೀದಿಗೆ ನೀರೋ ಅವತ್ತು ಆ ಬೀದಿಯದೇ ನಡೆ ಎಂದು ಎರಡೂ ಬೀದಿಯವರು ಒಪ್ಪಿಕೊಂಡರು. ಸರದಿ ತಪ್ಪಿ ವಾಲ್ವು ಮುಟ್ಟಿದ ಬೀದಿಯ ಯಂತ್ರ ಒಂದು ನಡೆ ನಡೆಯದೆ ನಿಲ್ಲಬೇಕು ಎಂದು ನಿಯಮ ಹಾಕಿದವರು ಸ್ವತಃ ಅಂಬಮ್ಮನವರು, ಅಂದರೆ ಅತಿ ಹೆಚ್ಚು ಸಲ ವಾಲ್ವು ಮುಟ್ಟಿದವರು. ಹೀಗೆ ಬೀದಿಗೆ ಮೂರು ದಿನಕ್ಕೊಂದು ನಡೆಯಂತೆ ಒಂಬತ್ತು ತಿಂಗಳಿಂದ ನಮ್ಮ ಯುದ್ಧ ನಡೆದಿದೆ. ಕೆಂಪಣ್ಣನಿಗೆ ಎಡಗೈ ಇಲ್ಲ, ಪ್ರತಿಮಾ ಅವರ ಯಂತ್ರಕ್ಕೆ ಮಂಡಿ ಹೋಗಿದೆ. ಚಪ್ಪಡಿಯನ್ನು ಮಾತ್ರ ಈ ಒಂಬತ್ತು ತಿಂಗಳಲ್ಲಿ ಯಾರೂ ಎತ್ತಿಲ್ಲ.

ತಮ್ಮ ಆಟದಲ್ಲಿ ಕುಂದುಗಳು ಇಲ್ಲವೆಂದಲ್ಲ. ಸುಟ್ಟುಹೋದ ಯಂತ್ರ ಒಂದೇ ಸರದಿಯಲ್ಲಿ ರಿಪೇರಿಯಾಗುತ್ತದೆ. ನಮ್ಮ ಬೋರಿನ ಮೋಟಾರು ಸುಟ್ಟಾಗ ಅದನ್ನು ಮೇಲೆತ್ತಿ, ಕಡೂರಿಗೆ ಒಯ್ದು, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವುದಕ್ಕೆ ಹನ್ನೊಂದು ದಿನ ಹಿಡಿಯಿತು. ತಮ್ಮ ವೈಂಡಿಂಗ್‌ನವರ ವಿಳಾಸವನ್ನು ದಯವಿಟ್ಟು ಕಳುಹಿಸಿಕೊಡಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎರಡು ತಿಂಗಳ ಹಿಂದೆ ತಾವು ಫೋನಿನಲ್ಲಿ ನಮ್ಮ ಅಭಿಪ್ರಾಯ ಕೇಳಿದಿರಿ. ಓಟು ಕೇಳುವುದಕ್ಕೆ ಬಹಳ ಜನ ಬಂದಿದ್ದಾರೆ, ಅಭಿಪ್ರಾಯ ಕೇಳುವುದಕ್ಕೆ ಊರಿಗೆ ಬಂದವರು ತಾವೇ ಮೊದಲಿಗರು. ಹಾಗಾಗಿ ಎರಡೂ ಬೀದಿಯವರನ್ನು ಕೂಡಿಸಿ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದೆ: 'ನಿಮ್ಮ ಸರದಿಗಾಗಿ ನೀವು ಎಷ್ಟು ಹೊತ್ತು ಕಾಯುತ್ತೀರಿ?' ತಾವು ಕೊಟ್ಟಿದ್ದ ಉತ್ತರಗಳು ಹತ್ತು ಸೆಕೆಂಡು, ಮೂವತ್ತು ಸೆಕೆಂಡು, ಒಂದು ನಿಮಿಷ, ಇನ್ನೂ ಹೆಚ್ಚು. ಅಂಬಮ್ಮನವರಿಗೆ ಅವಮಾನವಾಯಿತು. "ಮೂರ್ ದಿನ ಕಾಯ್ತೀವಿ ಅಂತ ಬರಿಯಪ್ಪ. ಬೇಕಾದ್ರೆ ನಾಕ್ ದಿನಾನೂ ಕಾಯ್ತೀವಿ ಅಂತ ಬರಿ. ನಮ್ಮನ್ನೇನ್ ಅಂದ್ಕಂಡವ್ರೆ?" ಎಂದರು. ಪ್ರತಿಮಾ ಬಿಡುತ್ತಾರೆಯೇ? "ನಾವೂ ಅಷ್ಟೇ ಕಾಯ್ತೀವಿ ಕಣ್ರೀ, ಕೆಳಗಿನ್ ಬೀದಿಯೋರಿಗಿಂತ ಕಮ್ಮಿ ಅಂತ ಬರ್‍ದ್‌ಬಿಟ್ಟೀರಾ" ಎಂದರು. ಇಡೀ ಜನ್ಮದಲ್ಲಿ ಒಂದು ಕೊಡ ನೀರಿಗೂ ಕಾಯದ ಜನ, ತಾವು ಎಷ್ಟು ಕಾಯಬಲ್ಲೆವೆಂದು ಪೈಪೋಟಿ ಮೇಲೆ ಹೇಳಿಕೊಳ್ಳುವುದನ್ನು ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. 'ಇನ್ನೂ ಹೆಚ್ಚು' ಎಂಬುದನ್ನು ಒತ್ತಿ, ಕೆಳಗಿನ ಖಾಲಿ ಜಾಗದಲ್ಲಿ 'ಮೂರು ದಿನ, ಬೇಕಾದರೆ ನಾಲ್ಕು' ಎಂದು ನಾನೇ ಹೆಮ್ಮೆಯಿಂದ ಬರೆದು ಕಳಿಸಿದೆ.

ತಮ್ಮ ಉತ್ತರ ಕಳೆದ ವಾರ ಬಂತು. ಬೀರೂರು ರೈಲು ನಿಲ್ದಾಣದಲ್ಲಿದ್ದು ನಿವೃತ್ತರಾಗಿರುವ ರುದ್ರಮೂರ್ತಿಯವರು ಅದನ್ನು ಚಪ್ಪಡಿಯ ಪಕ್ಕ ನಿಂತು, ರೈಲು ತಡವಾಗಿದೆ ಎಂದು ಸಾರುವ ದನಿಯಲ್ಲೇ ಓದಿದರು. ಆಟಗಾರರು ಮೂರು ದಿನ ಕಾಯಬೇಕಾಗಿ ಬಂದ ಅಸಹನೀಯ ತೊಂದರೆಗೆ ತಾವು ತುಂಬ ವಿಷಾದಿಸುತ್ತೀರಂತೆ. ಅಮೂಲ್ಯ ಅಭಿಪ್ರಾಯವನ್ನು ಮನ್ನಿಸಿ, ಬರುವ ಒಂದನೇ ತಾರೀಖಿನಿಂದ ಪ್ರತಿ ಸರದಿಗೂ ಮೂವತ್ತು ಸೆಕೆಂಡಿನ ಗಡಿಯಾರ ಇಡುತ್ತೀರಂತೆ. ಅಷ್ಟರೊಳಗೆ ನಡೆಯದಿದ್ದರೆ ಆಟಗಾರನ ಪರವಾಗಿ ಆಟವೇ ನಡೆದುಬಿಡುತ್ತದಂತೆ.

ಮಾನ್ಯರೇ, ನಾವು ಹೇಳಿದ್ದು ಬಡಾಯಿ, ತಾವು ಕೇಳಿಸಿಕೊಂಡದ್ದು ಗೋಳು. ಓದಿ ಮುಗಿದ ಮೇಲೆ ಅಂಬಮ್ಮನವರು ಮೆಲ್ಲಗೆ, "ಕಾಯೋದು ತಪ್ಪು ಅಂತ ಅಂಥಾ ದೊಡ್ಡೋರೇ ಹೇಳ್ದ ಮ್ಯಾಲೆ, ನಾವ್ಯಾಕಪ್ಪ ಕಾಯ್ಬೇಕು?" ಎಂದು ಚಪ್ಪಡಿಯ ಕಡೆ ನೋಡಿದರು. ಅವರು ಮೆಲ್ಲಗೆ ಮಾತಾಡಿದ್ದು ಅದೇ ಮೊದಲು, ಹಾಗಾಗಿ ನನಗೆ ಹೆಚ್ಚು ಭಯವಾಯಿತು. ಒಂಬತ್ತು ತಿಂಗಳಲ್ಲಿ ಕಟ್ಟಿಕೊಂಡದ್ದು ಒಂದನೇ ತಾರೀಖು ಮೂವತ್ತು ಸೆಕೆಂಡಿನಲ್ಲಿ ಬಿದ್ದುಹೋಗುತ್ತದೆ, ನಾನು ಮತ್ತೆ ಎರಡೂ ಬೀದಿಯ ಬೈಗುಳದ ಗಂಟನ್ನು ಹೊತ್ತು ತಿರುಗುವವನಾಗುತ್ತೇನೆ.

ಆದಕಾರಣ ತಮ್ಮಲ್ಲಿ ವಿನಂತಿಸುವುದೇನೆಂದರೆ, ಗಡಿಯಾರವನ್ನು ಮೂವತ್ತು ಸೆಕೆಂಡಿನ ಬದಲು ಮೂರು ದಿನಕ್ಕೆ ತಿರುಗಿಸಿ ಕೊಡಬೇಕು. ಆಗದಿದ್ದರೆ, ತಮ್ಮಲ್ಲಿರುವ ನಾಲ್ಕು ಅಂತಸ್ತಿನ ಯಂತ್ರಗಳಲ್ಲಿ ಹಳೆಯದೊಂದನ್ನು ನಮ್ಮ ವಾಲ್ವಿನ ಪಕ್ಕ ಕಾವಲಿಗೆ ನಿಲ್ಲಿಸಿಕೊಡಬೇಕು, ಫಿರಂಗಿ ಕೆಟ್ಟಿದ್ದರೂ ನಡೆಯುತ್ತದೆ. ಅದೂ ಆಗದಿದ್ದರೆ, ನಾನು ಎಮ್ಮೆ ಅಟ್ಟಿ ಬರುವವರೆಗೂ ಕಾದ ಆ ಸಜ್ಜನ ಶತ್ರುವನ್ನು ಕೆಲಸದಿಂದ ತೆಗೆಯುವಾಗ ನಮಗೆ ತಿಳಿಸಬೇಕು. ಮುಂದಿನ ಪಂಚಾಯ್ತಿ ಚುನಾವಣೆಗೆ ಅವನನ್ನು ನಿಲ್ಲಿಸುವುದಕ್ಕೆ ಎರಡೂ ಬೀದಿಯವರ ಒಪ್ಪಿಗೆಯಿದೆ.

ಪತ್ರವನ್ನು ಇಲ್ಲಿಗೆ ಬರೆದು, ನೀರು ಬಿಡುವ ಹೊತ್ತಾಯಿತೆಂದು ಎದ್ದು ಹೋಗಿದ್ದೆ. ಮೂರು ದಿನದ ಮೇಲೆ ಮುಂದುವರಿಸುತ್ತಿದ್ದೇನೆ, ಕ್ಷಮೆ ಇರಲಿ.

ಇವತ್ತು ಬೆಳಿಗ್ಗೆ ಹೋದರೆ ಚಪ್ಪಡಿಯ ಮೇಲೆ ಒಂದು ದೊಡ್ಡ ಬಿದಿರಿನ ಮಂಕರಿ ಕವುಚಿತ್ತು. ಸುತ್ತ ಎರಡೂ ಬೀದಿಯ ಜನ. ವಾಲ್ವು ಹೋಯಿತು ಎಂದುಕೊಂಡೆ. ಅಂಬಮ್ಮನವರು ಮಂಕರಿ ಎತ್ತಿದರು. ಚಪ್ಪಡಿಯ ತುಂಬ ಬಿಳಿ ಪೇಂಟಿನಲ್ಲಿ ಆರು ಮೂಲೆಯ ಮನೆಗಳು, ತಮ್ಮ ರಣರಂಗ, ಒಂದು ಮನೆಯೂ ಹೆಚ್ಚುಕಮ್ಮಿಯಿಲ್ಲದಂತೆ ಪ್ರತಿಮಾ ಅವರು ಡೇರಿ ಪುಸ್ತಕ ನೋಡಿ ಬರೆದದ್ದು. ನಡುವಿನ ಕೀಲಿಯ ತೂತು ತಮ್ಮ ಆಟದ ಜ್ವಾಲಾಮುಖಿಯ ಜಾಗಕ್ಕೆ ಸರಿಯಾಗಿ ಬಂದಿದೆ. ಕೆಂಪಣ್ಣನ ಮನೆಯಲ್ಲಿ ಅಂಬಮ್ಮನವರು ಅಡಿಕೆ ಕತ್ತರಿಸುತ್ತಿದ್ದ ಹಳೆಯ ಅಡಕೊತ್ತು ಕಾಲು ಅಗಲಿಸಿ ನಿಂತಿದೆ. ನಾಲ್ಕು ಮನೆ ಆಚೆ, ಬೋರಿನಿಂದ ತೆಗೆದ ತುಕ್ಕು ಹಿಡಿದ ಕಬ್ಬಿಣದ ತುಂಡೊಂದು ಮಂಡಿ ಹೋದ ಯಂತ್ರವಾಗಿದೆ. ಯುದ್ಧ ಫೋನಿನಲ್ಲಿ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರು.

ನಾನು ಇನ್ನೂ ಪಿಳಿಪಿಳಿ ಕಣ್ಣು ಬಿಡುತ್ತಿದ್ದಾಗ ಅಂಬಮ್ಮನವರೇ ಬಿಡಿಸಿ ಹೇಳಿದರು: "ನಿನ್ ಕೀಲಿ ತೂತ್ನಾಗೆ ಇಳೀತೈತೆ, ನಿಂಗೇನ್ ತೊಂದ್ರೆ ಇಲ್ಲ. ಬ್ಯಾರೆ ಯಾವನಾರ ವಾಲ್ವ್ ಮುಟ್‌ಬೇಕು ಅಂದ್ರೆ ಚಪ್ಪಡಿ ಎತ್ಬೇಕು. ಚಪ್ಪಡಿ ಎತ್ತಿದ್ರೆ ಕೆಂಪಣ್ಣ ಬೀಳ್ತಾನೆ. ಕೆಂಪಣ್ಣನ್ನ ಬೀಳಿಸ್ದೋನ್ನ ನಾನ್ ಸುಮ್ಕೆ ಬಿಟ್ಟೇನಾ?" ಇಪ್ಪತ್ತೆರಡು ವರ್ಷ ನಾನು ಬೀಗ ಹಾಕಿ, ಕೈ ಮುಗಿದು, ಪಂಚಾಯ್ತಿಗೆ ಅರ್ಜಿ ಕೊಟ್ಟು ಉಳಿಸಿಕೊಳ್ಳಲಾಗದ ವಾಲ್ವಿಗೆ ಇವತ್ತು ಒಂದು ಅಡಕೊತ್ತು ಕಾವಲು ನಿಂತಿದೆ. ಇವತ್ತು ಕೆಳಗಿನ ಬೀದಿಯ ಸರದಿ. ಕೀಲಿ ಇಳಿಸಿ ತಿರುಗಿಸಿದೆ, ನೀರು ಹೋಯಿತು, ಅಂಬಮ್ಮನವರು ಅಡಕೊತ್ತನ್ನು ಒಂದು ಮನೆ ಮುಂದಿಟ್ಟರು, ಮಂಕರಿ ಕವುಚಿದರು. ಇನ್ನು ಮೂರು ದಿನ ಆ ಅಡಕೊತ್ತನ್ನು ಯಾರೂ ಮುಟ್ಟುವುದಿಲ್ಲ. ನನಗೆ ಎಷ್ಟು ಖುಷಿಯಾಗಿದೆಯೆಂದರೆ, ತಮ್ಮ ಮೇಲಿನ ಸಿಟ್ಟನ್ನು ಹುಡುಕಿದರೂ ಸಿಗುತ್ತಿಲ್ಲ.

ಆದ್ದರಿಂದ ಮೇಲಿನ ಬೇಡಿಕೆಗಳನ್ನು ಹಿಂದಕ್ಕೆ ಪಡೆದಿದ್ದೇನೆ, ಚುನಾವಣೆಯದೊಂದನ್ನು ಬಿಟ್ಟು. ತಮಗೂ ಬಿಡುವಾದಾಗ ಬೀರೂರಿನಲ್ಲಿ ರೈಲಿಳಿದು ಬಸ್ಸು ಹಿಡಿದು ಬನ್ನಿ, ಆಟಕ್ಕೆ ಸೇರಿಸಿಕೊಳ್ಳುತ್ತೇವೆ. ಮೇಲಿನ ಬೀದಿ, ಕೆಳಗಿನ ಬೀದಿ, ಟ್ಯಾಂಕ್ ತುಂಬುವ ದಿನ, ಇವೆಲ್ಲ ಆದ ಮೇಲೆ ತಮ್ಮ ಸರದಿ. ಅಲ್ಲಿಯವರೆಗೆ ಚಪ್ಪಡಿಯ ಪಕ್ಕ ಕೂತಿರಬಹುದು, ಮಂಕರಿ ಮಾತ್ರ ಮುಟ್ಟಬಾರದು.

ಎರಡೂ ಬೀದಿಯ ಪರವಾಗಿ, ಕಾಯುವುದರಲ್ಲಿ ಯಾರಿಗೂ ಕಡಿಮೆಯಿಲ್ಲದ,

ತಮ್ಮ ವಿಶ್ವಾಸಿ,
ತೀರ್ಥಪ್ಪ
ನೀರುಗಂಟಿ, ಹಿರೇಕಟ್ಟೆ

ತಾ.ಕ.: ಈ ಪತ್ರಕ್ಕೆ ಉತ್ತರ ಬರೆಯಲು ತಮಗೆ ಮೂವತ್ತು ಸೆಕೆಂಡು ಕೊಟ್ಟಿದೆ. ಅಷ್ಟರೊಳಗೆ ಬರೆಯದಿದ್ದರೆ ತಮ್ಮ ಪರವಾಗಿ ಅಂಬಮ್ಮನವರೇ ಉತ್ತರ ಹೇಳುತ್ತಾರೆ. ಅದನ್ನು ಬರೆದುಕೊಳ್ಳಲು ನಾನು ಪೆನ್ನು ಹಿಡಿದು ಕೂತಿದ್ದೇನೆ, ಬರೆಯುವಂಥ ಮಾತುಗಳು ಎಷ್ಟಿರುತ್ತವೆಯೋ ಗೊತ್ತಿಲ್ಲ.