ಹಿರಿಯ ಸರ್ವರಿನಲ್ಲಿ ಸರಾಸರಿ ತಂತ್ರಾಂಶ ಸ್ಥಾಪಿಸುವ ಬಗ್ಗೆ

ಕ್ರಮಾಂಕ: ಸಂಖ್ಯಾ/ಬಂಟ್ವಾಳ/ಸರ್ವರ್/ಪುನಃ-೧೭/೨೦೦೪
ದಿನಾಂಕ: ೩೦-೬-೨೦೦೪

ಸುತ್ತೋಲೆ

ವಿಷಯ: ಬಸ್ಸಿಗೆ ಕಾಯುವ ಸರಾಸರಿ ಸಮಯವನ್ನು ಲೆಕ್ಕ ಹಾಕಲು ಕಚೇರಿಯ ಲಿನಕ್ಸ್ ಸರ್ವರಿನಲ್ಲಿ ಸಂಖ್ಯಾಶಾಸ್ತ್ರ ತಂತ್ರಾಂಶ ಸ್ಥಾಪಿಸುವ ಕುರಿತು.

ಉಲ್ಲೇಖ: ೧) ಇದೇ ವಿಷಯದ ಹದಿನಾರು ಸುತ್ತೋಲೆಗಳು. ೨) ಮೆಲ್ಕಾರಿನ ಕಂಪ್ಯೂಟರ್ ರಿಪೇರಿಯ ಶ್ರೀ ನಿಝಾಮ್ ಅವರ ನಿಟ್ಟುಸಿರು.

ಗಣತಿದಾರ ಶ್ರೀ ಪದ್ಮಯ್ಯನವರು ಪುಂಜಾಲಕಟ್ಟೆಯಲ್ಲಿ ಹನ್ನೊಂದು ವರ್ಷ ಕೊಡೆ ಹಿಡಿದು ನಿಂತು, ನಲವತ್ತು ಸಾವಿರ ಪ್ರಯಾಣಿಕರು ಬಸ್ಸಿಗೆ ಕಾದ ನಿಮಿಷಗಳನ್ನು ಬರೆದುಕೊಂಡಿರುತ್ತಾರೆ. ಇಂಥ ದಾಖಲೆ ಭಾರತದಲ್ಲಿಲ್ಲ. ಏಷ್ಯಾದಲ್ಲಿ ಇದ್ದರೆ ತೋರಿಸತಕ್ಕದ್ದು. ಸದರಿಯವರು ಇಂದು ಸಂಜೆ ಐದೂವರೆಗೆ ನಿವೃತ್ತರಾಗಬೇಕಾಗಿದ್ದು, "ಸರಾಸರಿ ಎಷ್ಟು ಬಂತೂಂತ ನೋಡಿಯೇ ಹೋಗ್ತೇನೆ ಸಾರ್" ಎಂದು ಲಿಖಿತವಾಗಿ ಕೋರಿರುತ್ತಾರೆ. ಸರಾಸರಿ ಇನ್ನೂ ಹೊರಬೀಳದ ಕಾರಣ ಈ ಕೆಳಗಿನಂತೆ ಆದೇಶಿಸಲಾಗಿದೆ:

೧. ಸರ್ವರನ್ನು 'ಹಳತು' ಎನ್ನತಕ್ಕದ್ದಲ್ಲ. ಅದರ ಫ್ಯಾನಿನ ಸದ್ದು ಮೂಡುಬಿದಿರೆಯವರೆಗೆ ಕೇಳುತ್ತದೆಂಬುದು ಅದರ ಆರೋಗ್ಯಕ್ಕೆ ಸಾಕ್ಷಿ.

೨. "ಇದು ಹಾಕ್ಲಿಕ್ಕೆ ಅದು ಬೇಕು, ಅದಕ್ಕೆ ಮತ್ತೊಂದು ಬೇಕು, ಆ ಮತ್ತೊಂದಕ್ಕೆ ಹೊಸ ಸರ್ವರೇ ಬೇಕು ಸಾರ್" ಎಂದು ಶ್ರೀ ನಿಝಾಮ್ ವರದಿ ಮಾಡಿರುತ್ತಾರೆ. ಮೊದಲೆರಡನ್ನು ಮಂಜೂರು ಮಾಡಲಾಗಿದೆ. ಮೂರನೆಯದನ್ನು ಸರ್ವರಿನ ಕಿವಿಗೆ ಬೀಳದಂತೆ ವರಾಂಡದಲ್ಲಿ ನಿಂತು ಹೇಳತಕ್ಕದ್ದು.

೩. ಬಂದವರಿಗೆ ಬೆಲ್ಲ-ನೀರು ಕೊಡುವುದು ನಮ್ಮೂರಿನ ಕ್ರಮವೇ ಹೌದು. ಆದರೆ ತಂತ್ರಾಂಶದ ಸಿ.ಡಿ. ಮೊದಲ ಬಾರಿ ಕಚೇರಿಗೆ ಬಂತೆಂದು ಸರ್ವರಿನ ತಲೆಯ ಮೇಲೆ ಬೆಲ್ಲದಚ್ಚು, ಚೊಂಬು ನೀರು ಇಟ್ಟವರ ವಿಚಾರಣೆ ನಡೆದಿದೆ. ಸಿ.ಡಿ. ಡ್ರೈವಿನೊಳಗೆ ಸಂಸಾರ ಹೂಡಿದ ಇರುವೆಗಳನ್ನು ಪದ್ಮಯ್ಯನವರೇ ಎಣಿಸಿರುತ್ತಾರೆ (೪,೩೧೨). ಇನ್ನು ಮುಂದೆ ಬರೀ ನೀರು ಇಡತಕ್ಕದ್ದು. ಅದೂ ಬೇಡ.

೪. ತಂತ್ರಾಂಶ ಸಿದ್ಧವಾಗಲು ಎಡೆಬಿಡದೆ ಹನ್ನೊಂದು ಗಂಟೆ ಕರೆಂಟು ಬೇಕು. ಮಳೆಗಾಲದ ಕರೆಂಟು ಮೂರು ಗಂಟೆಗೊಮ್ಮೆ ಹೋಗುವುದರಿಂದ ಪ್ರತಿ ಸಲವೂ ಮೊದಲಿನಿಂದ ಶುರು. ಪರದೆಯ ಮೇಲೆ ಸಾಲುಗಳು ಓಡುತ್ತಿರುವಾಗ ಸಿಬ್ಬಂದಿಯು ಎದ್ದು ನಿಲ್ಲತಕ್ಕದ್ದು. ಎಚ್ಚರಿಕೆ ಬಂದರೆ ಕೂರಬಹುದು. ದೋಷ ಬಂದರೆ ಮಲಗಬಹುದು.

೫. ರವಾನೆ ವಿಭಾಗದ ಶ್ರೀಮತಿ ರುಕಿಯಾ ಅವರು ಒಂದು ತಿಂಗಳ ಊಟದ ಬಿಡುವುಗಳಲ್ಲಿ ಕ್ಯಾಲ್ಕುಲೇಟರಿನಿಂದ ಸರಾಸರಿ ತೆಗೆದು, "ಇಷ್ಟೇ ಅಲ್ವಾ ಸಾರ್, ಇದಕ್ಕೆ ಆ ಪೆಟ್ಟಿಗೆ ಎಂತಕ್ಕೆ?" ಎಂದು ಕೇಳಿದ್ದು ಖೇದಕರ. ಆ ಸಂಖ್ಯೆಯನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಲಾಗಿದೆ. ಪದ್ಮಯ್ಯನವರೆದುರು ಯಾರೂ ಅದನ್ನು ಬೆರಳು ಮಡಚಿಯೂ ಸೂಚಿಸತಕ್ಕದ್ದಲ್ಲ.

೬. ಮಧ್ಯಾಹ್ನ ನಡೆದ ಬೀಳ್ಕೊಡುಗೆಯನ್ನು ಪೂರ್ವಾಭ್ಯಾಸವೆಂದು ಪರಿಗಣಿಸಲಾಗಿದೆ. ಶಾಲು ಮರಳಿಸತಕ್ಕದ್ದು. ತಿಂದ ಗೋಳಿಬಜೆಯನ್ನು ಮಾತ್ರ ಮನ್ನಿಸಲಾಗಿದೆ.

೭. ಸರಾಸರಿ ಹೊರಬೀಳುವವರೆಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಶಾಖೆಗಳಲ್ಲಿ ಜೂನ್ ಮೂವತ್ತೇ ಮುಂದುವರಿಯತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ. ಕ್ಯಾಲೆಂಡರಿನ ಹಾಳೆ ಮಗುಚಿದವರ ಮೇಲೆ ಶಿಸ್ತುಕ್ರಮ ಉಂಟು. ಸುತ್ತೋಲೆ ತಲುಪುವುದೇ ತಡವಾಗುವ ನೆರಿಯ ಊರಿನವರು ಬೇಕಾದರೆ ಜುಲೈ ಮಾಡಿಕೊಳ್ಳಬಹುದು.

ಸಹಿ/-
ಶಾಖಾಧಿಕಾರಿ
(ಘಟ್ಟದ ಕೆಳಗೂ ಮೇಲೂ ಲಿನಕ್ಸ್ ಬಲ್ಲ ಏಕೈಕ ಅಧಿಕಾರಿ)

ಪ್ರತಿಗಳು:
೧. ಶ್ರೀ ನಿಝಾಮ್, ಮೆಲ್ಕಾರ್: ಇರುವೆಪುಡಿ ಸಹಿತ ಬರುವುದು.
೨. ಶ್ರೀಮತಿ ರುಕಿಯಾ: ಕ್ಯಾಲ್ಕುಲೇಟರ್ ಒಪ್ಪಿಸಿ ರಶೀದಿ ಪಡೆಯುವುದು.
೩. ಸರ್ವರ್: ಮೈಗೆ ಅಂಟಿಸಲು. ಗಾಳಿಕಿಂಡಿ ಮುಚ್ಚತಕ್ಕದ್ದಲ್ಲ.
೪. ಶ್ರೀ ಪದ್ಮಯ್ಯ: ನಾಳೆಯೂ ಮೂವತ್ತೇ. ಬುತ್ತಿ ತರುವುದು.