ಬಿರುಕಿನ ಪರ ನಾಲ್ವರು

ದೇಶದ ಸುದ್ದಿ ಮಾಧ್ಯಮಗಳ ಆರೋಗ್ಯ ಮತ್ತು ವೃತ್ತಿಪರತೆಯನ್ನು ಅಳೆಯುವ ಹೊಣೆಯನ್ನು ಸರ್ಕಾರವು ತೂಕ ಮತ್ತು ಅಳತೆ ಇಲಾಖೆಗೆ ವಹಿಸಿತು. ಅಳೆಯುವ ಅನುಭವ ಬೇರೆ ಯಾವ ಇಲಾಖೆಗೂ ಇಲ್ಲವಾದ್ದರಿಂದ ಯಾರೂ ಆಕ್ಷೇಪಿಸಲಿಲ್ಲ.

ನಮ್ಮ ಪತ್ರಿಕೆಗೆ ಬಂದ ಮೌಲ್ಯಮಾಪಕರು ಇಪ್ಪತ್ತಾರು ವರ್ಷ ಪೆಟ್ರೋಲ್ ಬಂಕುಗಳನ್ನು ತಪಾಸಣೆ ಮಾಡಿದವರು. ಸಭ್ಯರು. ನಲವತ್ತು ಪ್ರಶ್ನೆಗಳ ನಮೂನೆಯನ್ನು ಸಂಪಾದಕರ ಮೇಜಿನ ಮೇಲೆ ಹರಡಿ, ಅಂಕ ಅರವತ್ತಕ್ಕಿಂತ ಕಡಿಮೆ ಬಂದರೆ ಪತ್ರಿಕೆಯನ್ನು ‘ಅಸ್ವಸ್ಥ’ವೆಂದು ಘೋಷಿಸಿ, ಗುಣವಾಗುವವರೆಗೆ ಮುದ್ರಣಯಂತ್ರಕ್ಕೆ ಬೀಗ ಹಾಕಲಾಗುವುದೆಂದು ವಿನಯದಿಂದ ತಿಳಿಸಿದರು.

“ಹೋದ ವರ್ಷ ಎಷ್ಟು ತಿದ್ದುಪಡಿ ಹಾಕಿದೀರಿ?”

“ಮೂವತ್ತೊಂದು. ತಪ್ಪಾದ್ರೆ ಒಪ್ಕೊಳ್ಳೋದು ನಮ್ಮ ಪದ್ಧತಿ,” ಎಂದರು ಸಂಪಾದಕರು ಹೆಮ್ಮೆಯಿಂದ.

“ಮೂವತ್ತೊಂದು ತಪ್ಪು,” ಎಂದು ಮೌಲ್ಯಮಾಪಕರು ಬರೆದುಕೊಂಡರು. “ಎದುರುಗಡೆ ಪತ್ರಿಕೆಯವರು ಒಂದೂ ಹಾಕಿಲ್ಲ.”

“ಅವರು ಸುದ್ದೀನೇ ಹಾಕಲ್ಲ ಸ್ವಾಮಿ! ಬರೀ ಸರ್ಕಾರಿ ಪ್ರಕಟಣೆ.”

“ಅದಕ್ಕೇ ತೊಂಬತ್ತೆಂಟು ಬಂದಿದೆ.”

“ಇನ್ನೆರಡು?”

“ಮಳೆ ಬರತ್ತೆ ಅಂತ ಬರೆದಿದ್ರು. ಬರಲಿಲ್ಲ.”

ಪತ್ರಿಕೆ ಸ್ವತಂತ್ರವಾಗಿದೆಯೇ ಎಂಬ ಪ್ರಶ್ನೆಗೆ ಸಂಪಾದಕರು ಹೌದೆಂದರು. ಹಾಗಿದ್ದರೆ ಅದಕ್ಕೆ ಸರ್ಕಾರ ಕೊಟ್ಟ ಅನುಮತಿ ಪತ್ರದ ನಕಲನ್ನು ಲಗತ್ತಿಸಬೇಕಿತ್ತು. ಇರಲಿಲ್ಲ.

ಕೊನೆಗೆ ಹೆರಿಗೆ ಆಸ್ಪತ್ರೆಯ ಸುದ್ದಿಯ ಸರದಿ ಬಂತು. ಎರಡನೇ ಮಹಡಿಯ ಚಾವಣಿ ಬಿರುಕು ಬಿಟ್ಟಿದೆಯೆಂದು ಮರುದಿನದ ಸಂಚಿಕೆಗೆ ಬರೆದಿದ್ದವರು ನಮ್ಮ ಹಿರಿಯ ವರದಿಗಾರ್ತಿ. ಕಚೇರಿಯಲ್ಲಿ ಎಲ್ಲರಿಗೂ ಅಕ್ಕ. ಮೌಲ್ಯಮಾಪಕರು ಅವರನ್ನು ಕರೆಸಿದರು.

“ಮೂವರು ನರ್ಸ್, ಒಬ್ಬ ಎಂಜಿನಿಯರ್. ಬಿರುಕಿನ ಪರ ನಾಲ್ವರು ಮಾತಾಡಿದಾರೆ. ವಿರುದ್ಧ ಆಸ್ಪತ್ರೆ ಅಧಿಕಾರಿ ಒಬ್ಬರೇ. ಇದು ಸಮತೋಲನ ಅಲ್ಲಮ್ಮ. ಬಿರುಕಿಲ್ಲ ಅನ್ನೋರು ಇನ್ನೂ ಮೂವರು ಬೇಕು.”

“ಇರೋ ಬಿರುಕನ್ನ ಇಲ್ಲ ಅನ್ನೋರನ್ನ ಎಲ್ಲಿಂದ ತರಲಿ ಸರ್?”

ಸಂಪಾದಕರು ಆಚೆ ಹೋದಾಗ ಮೌಲ್ಯಮಾಪಕರು ದನಿ ತಗ್ಗಿಸಿದರು. “ನನ್ನ ಮಗಳು ಅಲ್ಲೇ ಇದಾಳಮ್ಮ. ಎರಡನೇ ಮಹಡಿ, ಆರನೇ ಹಾಸಿಗೆ. ಚೊಚ್ಚಲು. ಬಿರುಕು ನಿಜವಾ?”

“ಏಣಿ ಹತ್ತಿ ನೋಡಿದೆ, ನನ್ನ ಪೆನ್ನು ಪೂರ್ತಿ ಒಳಗೆ ಹೋಯ್ತು ಸರ್. ಈಗಲೇ ಕರ್ಕೊಂಡು ಹೋಗಿ.”

ಮೌಲ್ಯಮಾಪಕರು ಕೂಡಲೇ ಮನೆಗೆ ಫೋನ್ ಮಾಡಿದರು. ಒಂದು ಗಂಟೆಯೊಳಗೆ ಮಗಳು ಬೇರೆ ಆಸ್ಪತ್ರೆ ಸೇರಿದಳು. ಕಣ್ಣೊರೆಸಿಕೊಂಡು ಅವರು ನಮೂನೆ ಮುಗಿಸಿದರು: ‘ಸುದ್ದಿ ದೃಢಪಟ್ಟಿಲ್ಲ.’

“ಮಿಕ್ಕ ಹನ್ನೊಂದು ಹಾಸಿಗೆ?” ಎಂದರು ಅಕ್ಕ.

“ನಮೂನೆಯಲ್ಲಿ ಅದಕ್ಕೆ ಜಾಗ ಇಲ್ಲಮ್ಮ.”

ನಮಗೆ ಮೂವತ್ತೆಂಟು ಅಂಕ ಬಂತು. ದೃಢಪಡದ ಸುದ್ದಿಯನ್ನು ಹಿಂತೆಗೆದರೆ ಮೂವತ್ತು ಕೃಪಾಂಕ. ಸಂಪಾದಕರು ಅಚ್ಚುಮನೆಯ ಬಾಗಿಲಲ್ಲಿ ನಿಂತು, ಕೆಲಸ ಮಾಡುತ್ತಿದ್ದ ನಲವತ್ತು ಜನರನ್ನು ಬಹಳ ಹೊತ್ತು ನೋಡಿ, ಹಿಂತೆಗೆದರು. ಅಕ್ಕ ಚೀಲ ಹೆಗಲಿಗೇರಿಸಿಕೊಂಡು ಆಸ್ಪತ್ರೆಗೆ ಹೋದರು. ಹಾಸಿಗೆಯಿಂದ ಹಾಸಿಗೆಗೆ ನಡೆದು, ಅಚ್ಚಾಗದ ಸುದ್ದಿಯನ್ನು ಬಾಯಲ್ಲೇ ಹೇಳಿದರು. ಸಂಜೆಯೊಳಗೆ ಮಹಡಿ ಖಾಲಿಯಾಯಿತು.

ಗುರುವಾರ ಚಾವಣಿ ಬಿತ್ತು. ಯಾರಿಗೂ ಪೆಟ್ಟಾಗದ ಕಾರಣ, ಅಪಾಯವಿತ್ತೆಂಬ ವದಂತಿ ಸುಳ್ಳೆಂದು ಸಾಬೀತಾಯಿತು ಎಂದು ಇಲಾಖೆ ಪ್ರಕಟಿಸಿತು. ಚಾವಣಿ ಬಿದ್ದ ಸುದ್ದಿಯನ್ನು ನಾವು ಮುಖಪುಟದಲ್ಲಿ ಹಾಕಿದೆವು: ‘ಹೆರಿಗೆ ಆಸ್ಪತ್ರೆಗೆ ನೈಸರ್ಗಿಕ ಬೆಳಕಿನ ಸೌಲಭ್ಯ’. ಮರುಮೌಲ್ಯಮಾಪನದಲ್ಲಿ ತೊಂಬತ್ತೇಳು ಬಂತು.

ಅಂದಿನಿಂದ ಜನ ಪತ್ರಿಕೆ ಕೊಂಡು, ಓದದೆ ಮಡಚಿ, ನೇರ ಅಕ್ಕನ ಮೇಜಿಗೆ ಬರತೊಡಗಿದರು. ಸೇತುವೆ ಮೇಲೆ ಬಸ್ಸಲ್ಲಿ ಹೋಗಬಹುದಾ? ಮಗುವಿಗೆ ಈ ಔಷಧಿ ಹಾಕಬಹುದಾ? ನೂಕುನುಗ್ಗಲಾದಾಗ ಸಂಪಾದಕರು ಟೋಕನ್ ಪದ್ಧತಿ ತಂದು, ಬೆಳಗ್ಗೆ ಹತ್ತರಿಂದ ಒಂದರವರೆಗೆ ಸಮಯ ನಿಗದಿ ಮಾಡಿದರು. ಮೌಲ್ಯಮಾಪಕರು ಮೊಮ್ಮಗಳನ್ನು ಎತ್ತಿಕೊಂಡು ಮಂಗಳವಾರಗಳಂದು ಬರುತ್ತಾರೆ. ಸರದಿ ತಪ್ಪಿಸುವುದಿಲ್ಲ.

ಈ ವರ್ಷದ ಮಾಧ್ಯಮ ಆರೋಗ್ಯ ವರದಿ ಹೊರಬಂದಿದೆ. ರಕ್ಷಾಪುಟದ ಮೇಲೆ ನಮ್ಮ ಕಚೇರಿಯಿಂದ ಬೀದಿಯ ತಿರುವಿನವರೆಗೆ ನಿಂತ ಸಾಲಿನ ಬಣ್ಣದ ಚಿತ್ರವಿದೆ. ಪತ್ರಿಕೆಗಳ ಮೇಲೆ ಜನರ ನಂಬಿಕೆ ಹಿಂದೆಂದಿಗಿಂತ ಹೆಚ್ಚಿದೆ ಎಂದು ಕೆಳಗೆ ಬರೆದಿದೆ. ಫೋಟೋ ತೆಗೆಯುತ್ತಾರೆಂದು ತಿಳಿದಾಗ ಸಾಲಿನಲ್ಲಿದ್ದವರೆಲ್ಲ ತಲೆಗೂದಲು ಸರಿಮಾಡಿಕೊಂಡು ನಕ್ಕಿದ್ದರು.